ಒಮ್ಮೆ ಸಿಕ್ಕಿದ ರಕ್ಷಣೆ ಮತ್ತೆ ಕಳೆದುಹೋಗುತ್ತಾ?

ನಾಲ್ಕು ವರ್ಷದ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡಿರಿ. ಈಗ ಮತ್ತೆ ಕುಡಿತ ಶುರುವಾಗಿದೆ, ಪ್ರಾರ್ಥನೆ ನಿಂತು ಆರು ತಿಂಗಳಾಗಿದೆ. ಯಾರೋ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ತೆಗೆದು ತೋರಿಸಿ, ಬಿದ್ದವರಿಗೆ ಮತ್ತೆ ದಾರಿಯಿಲ್ಲ ಅಂದರು. ನನ್ನ ರಕ್ಷಣೆ, ಅಂದರೆ ಯೇಸುವನ್ನು ನಂಬಿ ಸಿಕ್ಕಿದ ಪಾಪದ ಬಿಡುಗಡೆ, ಹೋಯಿತಾ ಅಂತ ಕೇಳಿದ್ದೀರಿ.

ಹೋಗಿಲ್ಲ ಅಂತ ನಾನು ನಂಬುತ್ತೇನೆ. ಆದರೆ ಇಷ್ಟು ಹೇಳಿ ಎದ್ದುಹೋದರೆ ನಿಮಗೆ ನಿದ್ದೆ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಮೊದಲು ಆ ವಾಕ್ಯ ನೋಡೋಣ. ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಪಡೆದು, ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಆಗದು ಅನ್ನುತ್ತದೆ. ಕಠಿಣ ಮಾತೇ. ಆದರೆ ತೋರಿಸಿದವರು 9ನೇ ವಚನದ ತನಕ ಓದಿದರಾ? ಅಲ್ಲಿ ಬರೆದವರೇ ದನಿ ಇಳಿಸಿ, ಪ್ರಿಯರೇ ಅಂತ ಕರೆದು, ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯಿದೆ ಅನ್ನುತ್ತಾರೆ. ಪತ್ರ ಬರೆದದ್ದು ಹಿಂಸೆ ತಿಂದವರಿಗೆ, ಆಸ್ತಿ ಕಳೆದುಕೊಂಡವರಿಗೆ, ಇನ್ನು ಯೇಸು ಬೇಡ ಅಂತ ಹಿಂದೆ ಸರಿಯುತ್ತಿದ್ದವರಿಗೆ. ಹೋಗಬೇಡಿ ಅಂತ ತೋಳು ಹಿಡಿದು ಎಳೆಯುವ ಮಾತು ಅದು. ವಾಪಸ್ ಬರುತ್ತಿರುವವರ ಮುಖಕ್ಕೆ ಬಾಗಿಲು ಹಾಕಲು ಅದನ್ನು ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಒಮ್ಮತ ಇಲ್ಲ, ಅದನ್ನೂ ಹೇಳಬೇಕು. ದೇವರು ಆರಿಸಿಕೊಂಡವರು ಕೊನೆವರೆಗೂ ಉಳಿಯುತ್ತಾರೆ ಅಂತ ಸುಧಾರಕ ಕಾಲ್ವಿನ್ ಕಡೆಯವರು 1618-19ರಲ್ಲಿ ನೆದರ್‌ಲ್ಯಾಂಡ್ಸಿನ ಡಾರ್ಟ್‌ನಲ್ಲಿ ಕೂಡಿ ಗಟ್ಟಿಮಾಡಿಕೊಂಡರು. ನಿಜವಾದ ವಿಶ್ವಾಸಿಯೂ ಬೀಳಬಹುದು ಅಂದವರು ಮೆಥಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿ. ಲೂಥರನ್ನರ 1530ರ ಆಗ್ಸ್‌ಬರ್ಗ್ ಒಪ್ಪಿಗೆಯ ಪ್ರಕಾರ ಬೀಳಬಹುದು, ಆದರೆ ಯಾವಾಗ ತಿರುಗಿ ಬಂದರೂ ಕ್ಷಮೆ ಉಂಟು. ಕಥೋಲಿಕರಿಗೆ ಪಾಪನಿವೇದನೆ ಇದೆ, ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ಇದ್ದರು, ಕಾಲ್ವಿನ್ ದಾರಿಯವರೂ ಇದ್ದರು. ಅದಕ್ಕೇ ಇರಬೇಕು, ನಮ್ಮ ಮನೆಯ ಹಿರಿಯರು ಈ ವಾದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಆದರೆ ಇವರಲ್ಲಿ ಯಾರೂ ಮರಳಿ ಬಂದವರನ್ನು ಹೊರಗೆ ನಿಲ್ಲಿಸಿ ಅನ್ನುವುದಿಲ್ಲ. ಹಾಗೆ ಅಂದವರೂ ಇದ್ದರು. ಕ್ರಿಸ್ತಶಕ 250ರ ಹೊತ್ತಿಗೆ ರೋಮಿನ ಚಕ್ರವರ್ತಿ ಡೆಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಚೀಟಿ ಪಡೆಯಬೇಕು ಅಂತ ಆಜ್ಞೆ ಮಾಡಿದ. ಆ ಚೀಟಿಗಳು ಈಜಿಪ್ಟಿನಲ್ಲಿ ಈಗಲೂ ಸಿಕ್ಕಿವೆ. ಪಪೈರಸ್ ತುಂಡಿನ ಮೇಲೆ ಹೆಸರು, ಊರು, "ನಾನು ಯಾವಾಗಲೂ ಬಲಿ ಕೊಡುತ್ತಾ ಬಂದವನು" ಅನ್ನುವ ಅರ್ಥದ ಒಂದು ಸಾಲು, ಕೆಳಗೆ ಸಾಕ್ಷಿಯವರ ಸಹಿ. ಜೀವಭಯಕ್ಕೆ ಎಷ್ಟೋ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಸುಮ್ನೆ ಚೀಟಿ ಮಾಡಿಸಿಕೊಂಡರು. ಗಲಾಟೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ಸೇರಿಸಲೇಬಾರದು ಅಂದರು ರೋಮಿನ ಪಾದ್ರಿ ನೊವಾತಿಯನ್. ಪಶ್ಚಾತ್ತಾಪ ಪಡಲಿ, ಆಮೇಲೆ ಸೇರಿಸೋಣ ಅಂದರು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಸಭೆ ನಡೆದದ್ದು ಸಿಪ್ರಿಯನ್ ದಾರಿಯಲ್ಲಿ. ಅಂದಹಾಗೆ ಆ ಹಿಂಸೆಯ ಸಮಯದಲ್ಲಿ ಸಿಪ್ರಿಯನ್ ಕೂಡ ಅಡಗಿ ಕೂತಿದ್ದರು. 258ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟವರೂ ಅವರೇ.

ನನ್ನ ಕಥೆ ಸಣ್ಣದು. ಇಪ್ಪತ್ತೆರಡಕ್ಕೆ ಕೆಲಸಕ್ಕಂತ ಬೆಂಗಳೂರಿಗೆ ಹೋದವನು ಎಂಟು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮನಸ್ಸು ತಿರುಗಿದಾಗ ಒಂದು ಮನೆಕೂಟಕ್ಕೆ ಹೋದೆ. ನಿನ್ನದು ಹೋಗಿದೆ, ಇನ್ನೊಮ್ಮೆ ನೀರಿಗಿಳಿ ಅಂದರು. ಎದ್ದು ಬಂದೆ. ಅದೇ ವರ್ಷ ಅಪ್ಪ ತೀರಿಹೋದರು. ಊರಲ್ಲಿ ಅವರ ಕಪಾಟು ತೆಗೆದಾಗ ಸಭೆಯ ವಂತಿಗೆಯ ರಸೀದಿಗಳು ಒಂದು ಕಂಬಿಗೆ ಚುಚ್ಚಿ ಇಟ್ಟಿದ್ದವು. ಎಲ್ಲದರ ಮೇಲೂ ನನ್ನ ಹೆಸರು. ತಿಂಗಳಿಗೆ 10 ರೂಪಾಯಿ. ಎಣಿಸಿದೆ, 91 ಇದ್ದವು. ಐದು ಎಲ್ಲೋ ಬಿದ್ದುಹೋಗಿರಬೇಕು.

"ಬಾಕಿಯಾದ್ರೆ ಹೆಸರು ತೆಗೀತಾರಲ್ಲ ಮಗಾ, ಅದಕ್ಕೆ ಕಟ್ತಿದ್ರು" ಅಂದರು ಅಮ್ಮ.

ರಸೀದಿಯಿಂದ ರಕ್ಷಣೆ ಬರುವುದಿಲ್ಲ, ಗೊತ್ತು. ಆದರೆ ಲೂಕನ 22ನೇ ಅಧ್ಯಾಯ ಆವತ್ತು ಅರ್ಥವಾಯಿತು. ಯೇಸುವನ್ನು ಗೊತ್ತೇ ಇಲ್ಲ ಅಂತ ಆಮೇಲೆ ಹೇಳಲಿರುವ ಶಿಷ್ಯ ಪೇತ್ರ ಇನ್ನೂ ಬಿದ್ದೇ ಇಲ್ಲ. ಅಷ್ಟರಲ್ಲೇ ಯೇಸು, ನಿನಗಾಗಿ ಬೇಡಿಕೊಂಡಿದ್ದೇನೆ, ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಅನ್ನುತ್ತಾರೆ. ವಾಪಸ್ ಬಂದ ಮೇಲಿನ ಕೆಲಸ ಬೀಳುವ ಮುಂಚೆಯೇ ಕೊಟ್ಟಾಗಿದೆ.

ಹಾಗಂತ ಒಮ್ಮೆ ಸಿಕ್ಕಿದ ಮೇಲೆ ಏನು ಮಾಡಿದರೂ ನಡೆಯುತ್ತೆ ಅನ್ನುವವರ ಜೊತೆ ಸೇರಬೇಡಿ. ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅಂತ ಪೌಲ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ. ಅದೇ ಉಸಿರಿನಲ್ಲಿ, ನಿಮ್ಮೊಳಗೆ ಕೆಲಸ ಮಾಡುವವನು ದೇವರೇ ಅಂತಲೂ ಬರೆದಿದ್ದಾನೆ.

ಕುಡಿತಕ್ಕೆ ಪ್ರಾರ್ಥನೆ ಮಾತ್ರ ಸಾಲದು, ಡಾಕ್ಟರನ್ನು ನೋಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತರೂ ಸಾಕು. ಮೊದಲ ಮೂರು ತಿಂಗಳು ನಾನು ಅಲ್ಲೇ ಕೂತು, ಯಾರ ಕಣ್ಣಿಗೂ ಬೀಳಬಾರದು ಅಂತ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದೆ. ನಾಲ್ಕನೇ ತಿಂಗಳು ಸಭೆಯ ಖಜಾಂಚಿ ಗೇಟಿನ ಹತ್ತಿರ ಕಾದು ನಿಂತಿದ್ದರು. ಏನಾದರೂ ಕೇಳುತ್ತಾರೆ ಅಂದುಕೊಂಡೆ. ಅವರು ರಸೀದಿ ಪುಸ್ತಕ ಬಿಚ್ಚಿ, "ಇನ್ನು ನೀನೇ ಕಟ್ತೀಯಲ್ಲ?" ಅಂದರು.