ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹೊಡೆದಾಡಿದವನು 5 ನಿಮಿಷದಲ್ಲಿ ಮರಳುತ್ತಾನೆ. ಹಾಗಾದರೆ ಅಮಾನತು ಯಾವುದಕ್ಕೆ?

ಮುಷ್ಟಿ ಕಾಳಗಕ್ಕೆ ರೆಫರಿ ಅಲ್ಲಿಯೇ 5 ನಿಮಿಷದ ಪೆನಾಲ್ಟಿ ಕೊಡುತ್ತಾರೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯಿತು. ತಲೆಗೆ ಗುರಿಯಿಟ್ಟ ಡಿಕ್ಕಿಯಂಥ ಅಪಾಯಕಾರಿ ವರ್ತನೆಯಾದರೆ ಲೀಗಿನ ಆಟಗಾರರ ಸುರಕ್ಷತಾ ವಿಭಾಗ ವಿಡಿಯೊ ನೋಡಿ ಅಮಾನತು ತೀರ್ಮಾನಿಸುತ್ತದೆ. ಹಳೆಯ ತಪ್ಪುಗಳೂ ಲೆಕ್ಕಕ್ಕೆ ಬರುತ್ತವೆ. 2018ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ಟಾಮ್ ವಿಲ್ಸನ್‌ಗೆ 20 ಪಂದ್ಯಗಳ ಅಮಾನತು ಬಿದ್ದದ್ದು ಹೀಗೆಯೇ; ತಟಸ್ಥ ಮಧ್ಯಸ್ಥಗಾರರು ಅದನ್ನು 14ಕ್ಕೆ ಇಳಿಸಿದರು.

ಆದರೆ 2021ರಲ್ಲಿ, ಐಸ್ ಮೇಲೆ ಬೋರಲು ಬಿದ್ದಿದ್ದ ನ್ಯೂಯಾರ್ಕ್ ರೇಂಜರ್ಸ್‌ನ ಪಾವೆಲ್ ಬುಚ್ನೆವಿಚ್‌ಗೆ ಗುದ್ದಿದ ಇದೇ ವಿಲ್ಸನ್‌ಗೆ ಬರೀ 5,000 ಡಾಲರ್ ದಂಡ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಆಗಿನ ಒಪ್ಪಂದದ ಪ್ರಕಾರ ಅದೇ ಗರಿಷ್ಠ ದಂಡವಂತೆ! ರೊಚ್ಚಿಗೆದ್ದ ರೇಂಜರ್ಸ್ ತಂಡ ಸುರಕ್ಷತಾ ವಿಭಾಗದ ಮುಖ್ಯಸ್ಥ ಜಾರ್ಜ್ ಪ್ಯಾರೋಸ್ ಆ ಹುದ್ದೆಗೆ ಅರ್ಹರಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿತು. ಆ ಹೇಳಿಕೆಗೆ ಲೀಗ್ ಹಾಕಿದ ದಂಡ 2,50,000 ಡಾಲರ್.