ಸಡ್ಡಕನ ದುಬೈ ಜಿಮ್ನಿ

ಗಾಡಿ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಒಂದೇ ಮಾತು ಅದ. ಹೊರದೇಶದ ಗಾಡಿ ಸೋವಿ ಸಿಗ್ಲಾಕತ್ಯಾದ, ಇಲ್ಲಿ ಶೋರೂಮಿನಾಗ ಸಿಗಂಗಿಲ್ಲ, ತಗೊಳ್ಲೇನು ಅಂತ. ಅದಕ್ಕ ಇವನ್ನೇ ಮೊದ್ಲು ತಗೊಂಡೀನಿ, ಬ್ಯಾರೆ ಸಣ್ಣ ಪ್ರಶ್ನೆ ಎರಡು ಕೊನಿಗೆ ಅದಾವ, ಬಾಕಿ ಮುಂದಿನ ಸಲಕ್ಕ.

ಪ್ರಶ್ನೆ: ಅಣ್ಣಾರ, ನಮ್ ಸಡ್ಡಕ ಒಂಬತ್ತು ವರ್ಷದಿಂದ ದುಬೈದಾಗ ಇದ್ದಾನ, ಬರೋ ಯುಗಾದಿಗೆ ಕಾಯಂ ಊರಿಗೆ ಬರ್ತಾನ. ಅವನ ಹತ್ರ ಮೂರು ಬಾಗಿಲಿನ ಸುಜುಕಿ ಜಿಮ್ನಿ ಅದ, 2020ರದ್ದು. ನಮ್ಮಲ್ಲಿ ಐದು ಬಾಗಿಲಿಂದು ಅಷ್ಟೇ ಸಿಗ್ತದ, ನನಗ ಆ ಸಣ್ಣದ್ರ ಮ್ಯಾಲೇ ಮನಸ್ಸು. ಅಲ್ಲೇ ಮಾರಿದ್ರ ಐವತ್ತು ಸಾವಿರ ದಿರ್ಹಮ್ ಬರ್ತದ, ಅಷ್ಟೇ ನೀ ಕೊಡು, ಹಡಗಿಗೆ ಹಾಕಿ ಮುಂಬೈಗೆ ಕಳಸ್ತೀನಿ ಅಂತಾನ. ಕಾಯಂ ವಾಪಸ್ ಬರೋರಿಗೆ ಕಸ್ಟಮ್ಸ್ ಮಾಫಿ ಅದ ಅಂತನೂ ಹೇಳ್ಯಾನ. ಕೆಎ 32 ನಂಬರ್ ಬೀಳ್ತದೇನು?
ಒಬ್ಬ ಓದುಗ, ಆಳಂದ

ಉತ್ತರ: ಬೀಳಂಗಿಲ್ಲ ತಮ್ಮಾ. ಸಡ್ಡಕನ ಮ್ಯಾಲ ಸಿಟ್ಟಾಗಬ್ಯಾಡ, ಅವಾ ಪ್ರೀತಿಲೇ ಹೇಳ್ಯಾನ, ಆದ್ರ ಅವನಿಗೆ ಇಲ್ಲಿ ನಿಯಮ ಗೊತ್ತಿಲ್ಲ.

ಮೊದ್ಲು ಸ್ಟೇರಿಂಗ್ ನೋಡು. ದುಬೈ ಗಾಡಿ ಸ್ಟೇರಿಂಗ್ ಎಡಕ್ಕಿರ್ತದ. ನಮ್ ದೇಶಕ್ಕ ಆಮದು ಆಗೋ ಕಾರಿನ ಸ್ಟೇರಿಂಗ್ ಬಲಕ್ಕೇ ಇರ್ಬೇಕು, ಹೆಡ್‌ಲೈಟ್ ಬೆಳಕೂ ಎಡಬದಿ ನಡಿಯೋ ರಸ್ತೆಗೆ ತಕ್ಕಂಗ ಬೀಳಬೇಕು, ಆಮದು ನೀತ್ಯಾಗೇ ಹಂಗ ಬರ್ದದ. ಇಲ್ಲಿ ತಂದು ಸ್ಟೇರಿಂಗ್ ಬದಲಿ ಮಾಡಸ್ತೀನಿ ಅಂತ ಇನ್ನೊಂದು ಪತ್ರ ಬರಿಬ್ಯಾಡ, ಡ್ಯಾಶ್‌ಬೋರ್ಡು, ಏರ್‌ಬ್ಯಾಗು, ಬ್ರೇಕಿನ ಪೆಡಲ್ಲು ಎಲ್ಲಾ ಕಿತ್ತು ಆಕಡಿಂದ ಈಕಡಿಗೆ ಹಾಕೋದು ಟೇಪ್‌ರೆಕಾರ್ಡರ್ ಹಾಕ್ದಂಗಲ್ಲ, ಮತ್ತ ಬಂದರಿನಾಗ ಗಾಡಿ ಹ್ಯಾಂಗ ಇಳಿತದೋ ಹಂಗೇ ನೋಡ್ತಾರ, ನೀ ಆಮ್ಯಾಗ ಏನ್ ಮಾಡ್ತಿ ಅಂತ ಕೇಳಂಗಿಲ್ಲ.

ಎರಡನೇದು ವಯಸ್ಸು. ಹಳೇ ಕಾರು ತಯಾರಾಗಿ 3 ವರ್ಷ ದಾಟಿರಬಾರ್ದು. 2020ರ ಗಾಡಿ ಅಂದ್ರ ಅಲ್ಲಿಗೇ ಮುಗೀತು. ಇಷ್ಟ್ರ ಮ್ಯಾಲ ಹಳೇ ಗಾಡಿ ಇಳಿಸ್ಲಾಕ ಮುಂಬೈ ಬಂದರ ಒಂದೇ, ಮತ್ತ ಆಮದಾದ ದಿನದಿಂದ ಇನ್ನೂ 5 ವರ್ಷ ರಸ್ತಿ ಮ್ಯಾಲ ಓಡೋ ತಾಕತ್ತು ಅದ ಅಂತ ಸರ್ಟಿಫಿಕೇಟ್ ಬೇಕು.

ಇನ್ನ ಮಾಫಿ ಮಾತು. ವಿದೇಶದಿಂದ ಕಾಯಂ ಬರೋರಿಗೆ ಮನಿ ಸಾಮಾನಿನ ಮ್ಯಾಲ ರಿಯಾಯ್ತಿ ಅದ ಖರೆ, ಫ್ರಿಜ್ಜು, ವಾಷಿಂಗ್ ಮಷೀನು ಹಂಗ. ಗಲ್ಫ್‌ನಿಂದ ಬಂದವರೆಲ್ಲಾ ಅದನ್ನೇ ಹೇಳಿ ಹೇಳಿ ಕಾರಿಗೂ ಅದ ಅನ್ನಂಗ ಮಾಡ್ಯಾರ. ಕಾರಿಗೆ ಇಲ್ಲ. ಪೂರಾ ಸುಂಕ ಕಟ್ಬೇಕು.

ಎಷ್ಟು ಅಂತೀ? ಸ್ಟೇರಿಂಗ್ ಬಲಕ್ಕದ, ಗಾಡಿ ಎರಡೇ ವರ್ಷದ್ದು ಅಂತ ಸುಮ್ನ ತಿಳ್ಕೋ. ಐವತ್ತು ಸಾವಿರ ದಿರ್ಹಮ್ ಅಂದ್ರ ಸುಮಾರು 12 ಲಕ್ಷ. ಸುಂಕ ಹಾಕೋದು ಬರೀ ಗಾಡಿ ರೊಕ್ಕದ ಮ್ಯಾಲಲ್ಲ, ಹಡಗಿನ ಬಾಡಿಗಿ, ಇನ್ಶೂರೆನ್ಸು ಎಲ್ಲಾ ಕೂಡ್ಸಿ, ಅದೂ ಸಡ್ಡಕ ಬರ್ದುಕೊಟ್ಟ ಚೀಟಿ ನಂಬಂಗಿಲ್ಲ, ಹೊಸಾದಿದ್ದಾಗ ಎಷ್ಟಿತ್ತು ಅಂತ ನೋಡಿ ಅದ್ರಾಗ ಸವಕಳಿ ಕಳ್ದು ಅವರೇ ಬೆಲೆ ಕಟ್ತಾರ. ಇರ್ಲಿ, 12 ಲಕ್ಷನೇ ಇಟ್ಕೋ. ಹಳೇ ಕಾರಿನ ಸುಂಕ ಶೇಕಡಾ 100ರ ಮ್ಯಾಲೇ ಅದ, ಹಂಗಾಗಿ 12 ಹೋಗಿ 24 ದಾಟ್ತು. ಜಿಮ್ನಿ ಎಂಜಿನ್ 1462 ಸಿಸಿ, 1200ರ ಮ್ಯಾಲಿನ ಪೆಟ್ರೋಲ್ ಗಾಡಿಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ 40, ಅದು ಸುಂಕ ಕೂಡಿದ ಮೊತ್ತದ ಮ್ಯಾಲ ಬೀಳ್ತದ, ಆಯ್ತು 33 ಲಕ್ಷದ ಮ್ಯಾಲ. ಆಮ್ಯಾಗ ನಮ್ ಆರ್‌ಟಿಓ, 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗಿ ಶೇಕಡಾ 18, ಆ ತೆರಿಗಿ ಮ್ಯಾಲ 11ರ ಸೆಸ್ಸು. ಕೂಡ್ಸಿ ನೋಡು, 40 ಲಕ್ಷದ ಮ್ಯಾಲೇ. ಐದು ಬಾಗಿಲಿನ ಜಿಮ್ನಿ 2023ರಾಗ ಇಲ್ಲಿ ಶೋರೂಮಿಗೆ ಬಂದಾಗ 12.74 ಲಕ್ಷದಿಂದ ಶುರು ಇತ್ತು.

ಇದ್ರಾಗ ನಗು ಬರೋ ಮಾತು ಒಂದದ. ನೀ ಆಸಿ ಪಡೋ ಮೂರು ಬಾಗಿಲಿನ ಜಿಮ್ನಿ 2021ರಿಂದ ನಮ್ಮ ಗುರುಗ್ರಾಮದ ಮಾರುತಿ ಫ್ಯಾಕ್ಟರ್ಯಾಗೇ ತಯಾರಾಗ್ತದ, ಹೊರದೇಶಕ್ಕ ಕಳಸ್ಲಿಕ್ಕಷ್ಟೇ, ನಮಗ ಮಾರಂಗಿಲ್ಲ. ನಮ್ ಹೊಲದ ತೊಗರಿ ಲಾರಿ ಹತ್ತಿ ಹೋಗಿ ಪಾಕೀಟಿನಾಗ ಬ್ಯಾಳಿ ಆಗಿ ಬಂದು ನಮಗೇ ಡಬಲ್ ರೇಟಿಗೆ ಸಿಗ್ತದಲ್ಲ, ಆ ಕತಿ. ಮತ್ತ ನೀ ಬ್ಯಾಡ ಅಂದ ಐದು ಬಾಗಿಲಿನ ಗಾಡಿ ಇಲ್ಲಿಂದ ಜಪಾನಿಗೆ ಹೋಯ್ತು, 2025ರ ಶುರುವಿನಾಗ ನಾಕೈದು ದಿನದಾಗೇ 50 ಸಾವಿರ ಬುಕಿಂಗ್ ಬಂದು ಕಂಪನಿ ಬುಕಿಂಗೇ ಬಂದ್ ಮಾಡ್ತು. ಜಪಾನಿನವರು ಸಾಲು ಹಚ್ಚಿದ ಗಾಡಿ ನಮ್ಮ ಶೋರೂಮಿನಾಗ ಪುರಸೊತ್ತಿನಿಂದ ನಿಂತದ, ಒಮ್ಮಿ ಹೋಗಿ ಕುಂತು ನೋಡು. ಸಡ್ಡಕಗ ಅಲ್ಲೇ ಮಾರಿ ರೊಕ್ಕ ತಗೊಂಡು ಬಾ ಅನ್ನು.

ಪ್ರಶ್ನೆ: ಸರ್, ಹೈದರಾಬಾದಿನ ಒಬ್ಬ ಏಜೆಂಟ್ ಟೊಯೊಟಾ ಪ್ರಾಡೊ 9 ಲಕ್ಷಕ್ಕ ಕೊಡ್ತೀನಿ ಅಂತಾನ. ಹಿಮಾಚಲ ನಂಬರ್ ಅದ, ಆರ್‌ಸಿ ಅದ, ಮೊಬೈಲ್ ಆ್ಯಪಿನಾಗ ಹಾಕಿದ್ರ ಹೆಸರು ಬರ್ತದ. ಮಿಲಿಟರಿ ಹರಾಜಿನ ಗಾಡಿ, ಅದಕ್ಕ ಸೋವಿ ಅಂತಾನ. ಸ್ಟೇರಿಂಗ್ ಬಲಕ್ಕೇ ಅದ. ನಮ್ಮಣ್ಣ ಈಗಾಗ್ಲೇ 50 ಸಾವಿರ ಬಯಾನಾ ಕೊಟ್ಟಾನ. ಮುಂದ ಹೋಗ್ಲೇನು?
ಒಬ್ಬ ಓದುಗ, ಹುಮನಾಬಾದ್

ಉತ್ತರ: ಯಾವ ದೇಶದ ಮಿಲಿಟರಿ ಅಂತ ಕೇಳಿದ್ರೇನು? ಕೇಳ್ರಿ ಒಮ್ಮಿ.

2025ರ ಸೆಪ್ಟೆಂಬರ್‌ನಾಗ ಕೇರಳದಾಗ ಕಸ್ಟಮ್ಸ್‌ನವರು ‘ಆಪರೇಷನ್ ನುಮ್‌ಖೋರ್’ ಅಂತ ಒಂದು ದಾಳಿ ಮಾಡಿದ್ರು, ಟೀವ್ಯಾಗ ಸಿನಿಮಾದವರ ಮನಿ ತೋರ್ಸಿ ತೋರ್ಸಿ ಎಲ್ಲರಿಗೂ ಗೊತ್ತಾಯ್ತು. ನುಮ್‌ಖೋರ್ ಅಂದ್ರ ಭೂತಾನಿನ ಭಾಷಾದಾಗ ಗಾಡಿ. ಭೂತಾನ್ ಸೈನ್ಯ ಹರಾಜು ಹಾಕಿದ ಹಳೇ ಗಾಡಿ, ಇನ್ನೂ ಬ್ಯಾರೆ ಗಾಡಿ ಸೋವಿ ತಗೊಂಡು, ಸುಂಕ ಕಟ್ಟದೆ ಗಡಿ ದಾಟ್ಸಿ, ಹಿಮಾಚಲದಂಥಾ ರಾಜ್ಯದಾಗ ಖೊಟ್ಟಿ ಕಾಗದ ಕೊಟ್ಟು ನಂಬರ್ ಹಾಕ್ಸಿ ದೇಶ ತುಂಬಾ ಮಾರ್ಯಾರ ಅನ್ನೋದು ಕಸ್ಟಮ್ಸ್‌ನವರ ಆರೋಪ. ನಿಮ್ ಏಜೆಂಟ್ ಹೇಳೋ ಕತಿಗೂ ಇದಕ್ಕೂ ಎಷ್ಟ್ ಹೊಂದಿಕಿ ಆಗ್ತದ ನೋಡ್ರಿ. ನಿಮ್ ಗಾಡಿನೂ ಅದೇ ಅಂತ ನಾ ಅನ್ನಲ್ಲ, ಕುಂತಲ್ಲೇ ಹೆಂಗ ಹೇಳ್ಲಿ, ಆದ್ರ ಇಷ್ಟು ದೊಡ್ಡ ಗಾಡಿ 9 ಲಕ್ಷಕ್ಕ ಬರ್ತದಂದ್ರ ಮಧ್ಯ ಎಲ್ಲೋ ಸುಂಕ ನುಂಗ್ಯಾರ ಅಂತ ನನ್ನ ಅನುಮಾನ.

ಭೂತಾನ್ ಯಾಕ ಅಂತ ಕೇಳ್ತೀರಿ. ಅಲ್ಲೂ ನಮ್ಮಂಗ ಎಡಬದಿ ಓಡಸ್ತಾರ, ಸ್ಟೇರಿಂಗ್ ಬಲಕ್ಕಿರ್ತದ. ದುಬೈ ಗಾಡಿ ಚೌಕಿನಾಗ ನಿಂತ್ರ ಟ್ರಾಫಿಕ್ ಪೊಲೀಸ್ ದೂರದಿಂದಲೇ ಗುರ್ತು ಹಿಡಿತಾನ, ಭೂತಾನ್ ಗಾಡಿ ಹಿಡಿಯೋದು ಕಷ್ಟ.

ಆ್ಯಪಿನಾಗ ಹೆಸರು ಬಂದ್ರ ಏನೂ ಖಾತ್ರಿ ಆಗಂಗಿಲ್ಲ. ಆರ್‌ಟಿಓದಾಗ ಏನ್ ತುಂಬ್ಯಾರೋ ಅದನ್ನೇ ಆ್ಯಪ್ ತೋರಸ್ತದ, ತುಂಬಿದ್ದೇ ಸುಳ್ಳಾದ್ರ ಅದೂ ಸುಳ್ಳೇ ಹೇಳ್ತದ. ನೀವು ಕೇಳಬೇಕಾದ ಕಾಗದ ಬಿಲ್ ಆಫ್ ಎಂಟ್ರಿ. ಹೊರಗಿಂದ ಬಂದ ಗಾಡಿ ಯಾವ ಬಂದರಿನಾಗ ಇಳೀತು, ಯಾರ ಹೆಸರಿಲೆ, ಎಷ್ಟು ಸುಂಕ ಕಟ್ಯಾರ ಅಂತ ಅದ್ರಾಗ ಇರ್ತದ. ಆಮದಾದ ಗಾಡಿ ಮೊದಲ ಸಲ ನೋಂದಣಿ ಆಗೋವಾಗ ಕಸ್ಟಮ್ಸ್ ಕಾಗದ ಕೊಡಲೇಬೇಕು, ಅದಕ್ಕ ಅಸಲಿ ಗಾಡಿಗೆ ಅದು ಇದ್ದೇ ಇರ್ತದ. ಹಳೇ ಮಾಲಕನ ಹತ್ರ ಇತ್ತು, ಕಳ್ಕೊಂಡಾನ, ಮನಿ ಬದಲಿ ಮಾಡುವಾಗ ಹೋಯ್ತು ಅಂದ್ರೋ, ಎದ್ದು ಬಂದುಬಿಡ್ರಿ, ಚಹಾ ಸುದ್ದಾ ಕುಡಿಬ್ಯಾಡ್ರಿ.

ಆಮ್ಯಾಗ ಚಾಸಿ ನಂಬರ್. ಇದು ನಾ ಗ್ಯಾರೇಜಿನಾಗ ಕಲ್ತದ್ದು, ರೊಕ್ಕ ಖರ್ಚಿಲ್ಲ. 17 ಅಕ್ಷರ-ಅಂಕಿ ಇರ್ತಾವ, ಮೊದಲ ಎರಡು ಮೂರರಾಗ ಗಾಡಿ ಹುಟ್ಟಿದ ದೇಶ, ಕಂಪನಿ ಗೊತ್ತಾಗ್ತದ. ನಮ್ ದೇಶದ ಗಾಡಿಗೆ ಎಂಎ ಇಂದ ಎಂಇ ತನಕ ಇರ್ತದ, ಕೆಲವಕ್ಕ ಎಂಝಡ್, ಮಾರುತಿಗೆ ಎಂಎ3, ಟಾಟಾಕ್ಕ ಎಂಎಟಿ, ಇಲ್ಲಿ ತಯಾರಾದ ಟೊಯೊಟಾಕ್ಕ ಎಂಬಿಜೆ. ಜೆ ಇಂದ ಶುರುವಾದ್ರ ಜಪಾನಿಂದು, ಎಲ್ ಇಂದ ಆದ್ರ ಚೈನಾದ್ದು. ಜಪಾನಿನ ಒಳಗಷ್ಟೇ ಮಾರೋ ಗಾಡಿಗೆ 17 ಇರಂಗೇ ಇಲ್ಲ, ಗಿಡ್ಡ ನಂಬರ್ ಇರ್ತದ. ಆರ್‌ಸಿ ಮ್ಯಾಲಿನ ನಂಬರ್ ಮತ್ತ ಚಾಸಿ ಮ್ಯಾಲ ಹೊಡೆದ ನಂಬರ್ ನಿಮ್ ಕೈಯಾರೆ ಒರ್ಸಿ, ಟಾರ್ಚ್ ಹಿಡ್ದು ಒಂದೊಂದೇ ಅಕ್ಷರ ಓದ್ರಿ. ಅಕ್ಷರದ ಸುತ್ತ ಗ್ರೈಂಡರ್ ಹೊಡೆದ ಗುರ್ತು, ಹೊಸಾ ಬಣ್ಣ, ಸಾಲು ಸೊಟ್ಟ ಆಗಿದ್ರ ಮುಗೀತು. ಆರ್‌ಸಿಯೊಳಗ ಎಂ ಇಂದ ಶುರುವಾದ ನಂಬರ್, ಗಾಡಿ ನೋಡಿದ್ರ ಜಪಾನಿಂದು, ಹಿಂಗೂ ಆಗ್ತದ.

ಮತ್ತ ನಾಲ್ಕು ಮಂದಿ ಕೈ ಬದಲಾಗಿ ನಿಮ್ ಕೈಗೆ ಬಂದದ, ನಿಮಗೇನೂ ಗೊತ್ತಿರ್ಲಿಲ್ಲ ಅಂತ ಗಾಡಿ ಉಳಿಯಂಗಿಲ್ಲ. 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಕಳ್ಳದಾರಿಲೆ ಬಂದ ಮಾಲು ಯಾರ ಹತ್ರ ಇದ್ರೂ ಜಪ್ತಿ ಮಾಡಬಹುದು. ಗಾಡಿ ಕಸ್ಟಮ್ಸ್ ಗೋಡೌನಿನಾಗ ಧೂಳು ತಿಂತಿರ್ತದ, ನೀವು ವಕೀಲರ ಫೀಸು ಕಟ್ತಿರ್ತೀರಿ, 9 ಲಕ್ಷ ತಗೊಂಡ ಏಜೆಂಟನ ಫೋನ್ ಸ್ವಿಚ್ ಆಫ್. ಮಧ್ಯ ಅಪಘಾತ ಆಯ್ತೋ, ಕಾಗದ ಖೊಟ್ಟಿ ಅಂತ ಇನ್ಶೂರೆನ್ಸ್‌ನವರು ತಕರಾರು ತೆಗಿತಾರ.

50 ಸಾವಿರ ಹೋದ್ರ ಹೋಗ್ಲಿ ಅಂತ ಹೇಳೋದು ನನಗೂ ಕಷ್ಟನೇ, ಸಣ್ಣ ರೊಕ್ಕ ಅಲ್ಲ. ಬಿಲ್ ಆಫ್ ಎಂಟ್ರಿ ತೋರ್ಸೋ ತನಕ ಇನ್ನೊಂದು ರೂಪಾಯಿ ಇಲ್ಲ, ಇಲ್ಲಾಂದ್ರ ಬಯಾನಾ ವಾಪಸ್ ಕೊಡು ಅಂತ ವಾಟ್ಸ್ಯಾಪಿನಾಗ ಬರ್ದು ಕಳಸ್ರಿ, ಬಾಯಿಮಾತಿಲೆ ಬ್ಯಾಡ, ಬರ್ದದ್ದು ನಾಳೆ ಠಾಣ್ಯಾಗ ಉಪಯೋಗ ಬೀಳ್ತದ. ಅಣ್ಣಾವರಿಗೆ ಬೈಬ್ಯಾಡ್ರಿ, ಪ್ರಾಡೊ ನೋಡಿದ್ರ ಯಾರ ಮನಸ್ಸಾದ್ರೂ ಜಾರ್ತದ.

ನನ್ನದೂ ಒಂದು ಹೇಳ್ಲೇನು. ಬಹಳ ವರ್ಷದ ಹಿಂದ ನನ್ನ ಗೆಳ್ಯಾ ಒಬ್ಬ ಮುಂಬೈ ಕಡಿಂದ ಜಪಾನಿನ ಹಳೇ ಗಾಡಿ ತಂದಿದ್ದ, ಕಾಗದ ಎಲ್ಲಾ ಸೈ, ಕಳ್ಳಮಾಲಲ್ಲ. ಒಂದಿನ ಸೇಡಂ ರಸ್ತ್ಯಾಗ ಮುಂದಿನ ಪರ್ಸಿ ಲಾರಿಯಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರೀತು. ಆ ಗಾಜು ಇಡೀ ಕಲಬುರಗ್ಯಾಗ ಇಲ್ಲ, ಹೈದರಾಬಾದಿನಾಗ ಇಲ್ಲ. ನಾಕು ತಿಂಗಳು ಗಾಡಿ ನನ್ನ ಗ್ಯಾರೇಜಿನ ಮುಂದ ತಾಡಪಾಲ ಹೊದ್ದು ನಿಂತಿತ್ತು, ಅದರ ಮ್ಯಾಲ ಬೆಕ್ಕು ಮರಿ ಹಾಕ್ತು. ಕಾಗದ ಸೈ ಇದ್ದ ಗಾಡಿದೇ ಈ ಹಣೆಬರ.

ಪ್ರಶ್ನೆ: ನಮಸ್ಕಾರ್ರಿ, ನಾ ಯಾದಗಿರ್ಯಾಗ ಕಾಲೇಜಿನಾಗ ಪಾಠ ಮಾಡ್ತೀನಿ. ಚೈನಾದಾಗ ಬಿವೈಡಿ ಸೀಗಲ್ ಅಂತ ಕರೆಂಟಿನ ಸಣ್ಣ ಕಾರು ಭಾಳ ಸೋವಿ ಅದ ಅಂತ ವಿಡಿಯೋದಾಗ ನೋಡ್ದೆ. ಇಲ್ಲಿ ಮಾರಂಗಿಲ್ಲಂತ. ಆನ್‌ಲೈನ್ ಹೋಲ್‌ಸೇಲ್ ಸೈಟಿನಾಗ ಆರ್ಡರ್ ಮಾಡಿ ತರ್ಸಬಹುದೇನು?
ಒಬ್ಬ ಓದುಗಿ, ಯಾದಗಿರಿ

ಉತ್ತರ: ಅಕ್ಕಾರ, ಗಾಡಿ ಛಲೋ ಅದ, ಅದ್ರಾಗ ಎರಡು ಮಾತಿಲ್ಲ. 2023ರಾಗ ಬಂದಾಗ ಶುರುವಿನ ಬೆಲೆ 73,800 ಯುವಾನ್, ನಮ್ ರೊಕ್ಕದಾಗ ಹತ್ರ ಹತ್ರ 9 ಲಕ್ಷ. ಹಡಗಿನ ಬಾಡಿಗಿ ಗಿಡಗಿ ಒಂದು ಲಕ್ಷ ಹಿಡೀರಿ, 10 ಆಯ್ತು. 40 ಸಾವಿರ ಡಾಲರ್ ಒಳಗಿನ ಹೊಸಾ ಕಾರಿಗೆ ಆಮದು ಸುಂಕ ಶೇಕಡಾ 70, ಕರೆಂಟಿನದಾದ್ರೂ ಬಿಡಂಗಿಲ್ಲ. 17 ಆಯ್ತು. ಜಿಎಸ್‌ಟಿ ಮಾತ್ರ ಕರೆಂಟಿನ ಗಾಡಿಗೆ 5, ಹಂಗಾಗಿ 18 ಲಕ್ಷದ ಸಮೀಪ ನಿಲ್ತದ.

ರೊಕ್ಕ ಅದ ಅಂದ್ರೂ ಗಾಡಿ ರಸ್ತಿಗೆ ಇಳಿಯಂಗಿಲ್ಲ. ಹೊಸಾ ಗಾಡಿಗೆ ನಮ್ ನಿಯಮ ಪ್ರಕಾರ ಮಾದರಿ ಮಂಜೂರಾತಿ ಬೇಕು, ಪುಣೆಯ ಎಆರ್‌ಎಐಯಂಥಾ ಸಂಸ್ಥಾದಾಗ ಪರೀಕ್ಷಾ ಆಗ್ಬೇಕು, ಅದು ಸಾವಿರ ಗಾಡಿ ಮಾರೋ ಕಂಪನಿ ಮಾಡ್ಸೋ ಕೆಲ್ಸ, ಒಬ್ಬರು ಒಂದು ಗಾಡಿಗೆ ಮಾಡ್ಸೋದಲ್ಲ. ಮಂಜೂರಾತಿ ಇಲ್ದೆ ವರ್ಷಕ್ಕ 2,500 ಗಾಡಿ ತರಬಹುದು ಅಂತ 2018ರಾಗ ಬಂದ ಸಡಿಲಿಕಿ ಕಂಪನಿಯವರಿಗೆ, ನಮಗಲ್ಲ. ಚೈನಾದ ಸೀಗಲ್ ಸ್ಟೇರಿಂಗೂ ಎಡಕ್ಕೇ. ಬಲಕ್ಕಿರೋದು ಬ್ಯಾರೆ ದೇಶದಾಗ ಬ್ಯಾರೆ ಹೆಸರಿಲೆ ಮಾರ್ತಾರ.

ಇದೆಲ್ಲಾ ಬಿಡ್ರಿ, ಚಾರ್ಜ್ ಹೆಂಗ ಮಾಡ್ತೀರಿ? ಚೈನಾ ಗಾಡಿ ಚಾರ್ಜಿಂಗ್ ತೂತು ಜಿಬಿ-ಟಿ ಅಂತ ಬ್ಯಾರೆ ನಮೂನಿದು. ನಮ್ ಹೆದ್ದಾರಿ ಮ್ಯಾಲಿನ ಫಾಸ್ಟ್ ಚಾರ್ಜರ್ ಸಿಸಿಎಸ್-2 ಪಿನ್ನಿಂದು, ಅದು ಇದಕ್ಕ ಹೋಗಂಗೇ ಇಲ್ಲ. ಯಾದಗಿರಿಯಿಂದ ಕಲಬುರಗಿಗೆ ಬಂದು ಚಾರ್ಜರ್ ಮುಂದ ನಿಂತು ಪಿನ್ ತಿರುವಿ ತಿರುವಿ ನೋಡೋದು ಆಗ್ತದ.

ಚೈನಾ ಮೂಲದ ಸಣ್ಣ ಗಾಡಿನೇ ಬೇಕಂದ್ರ ಎಂಜಿ ಕಾಮೆಟ್ ಅದ, ವುಲಿಂಗ್ ಏರ್ ಅನ್ನೋ ಗಾಡಿದೇ ಪಾಯ, ಗುಜರಾತಿನ ಹಾಲೋಲ್‌ನಾಗ ತಯಾರಾಗ್ತದ. 17.3 ಯೂನಿಟ್ ಬ್ಯಾಟರಿ. ಆದ್ರ ಅದಕ್ಕ ಡಿಸಿ ಫಾಸ್ಟ್ ಚಾರ್ಜ್ ಇಲ್ಲ, ಊರೊಳಗ ಕಾಲೇಜಿಗೆ ಹೋಗಿ ಬರ್ಲಾಕ ಸಾಕು, ಹೆದ್ದಾರಿಗೆ ಬ್ಯಾಡ. ನೀವು ಕಲಬುರಗಿಗೆ ಹೋಗಿ ಬರೋರಾದ್ರ ಟಾಟಾ ಟಿಯಾಗೋ ಇವಿ ದೊಡ್ಡ ಬ್ಯಾಟರಿದು, 24 ಯೂನಿಟ್‌ದು, ಓಡ್ಸಿ ನೋಡ್ರಿ. ಬ್ಯಾಸಗ್ಯಾಗ ಏಸಿ ಹಚ್ಚಿ ಓಡ್ಸೋವಾಗ ಕಂಪನಿ ಹೇಳಿದಷ್ಟು ಕಿಲೋಮೀಟರ್ ಬರಂಗಿಲ್ಲ, ಅದು ಯಾವ ಗಾಡಿಗೂ ಖರೆ, ಅದಕ್ಕ ಟೆಸ್ಟ್ ಡ್ರೈವ್ ಮಧ್ಯಾಹ್ನ ಎರಡಕ್ಕ ಕೇಳ್ರಿ.

ಪ್ರಶ್ನೆ: ತೆಲಂಗಾಣ ನಂಬರಿನ ಹಳೇ ಕಾರು ತಗೊಂಡ್ರ ಕೆಎ 38 ಮಾಡ್ಸಲೇಬೇಕೇನು?
ಬೀದರ್

ಉತ್ತರ: ಇಲ್ಲೇ ಇಟ್ಟು ಓಡಸ್ತೀರಂದ್ರ ಬೇಕು, 12 ತಿಂಗಳ ಮ್ಯಾಲ ಇಟ್ರ ಕಾನೂನು ಪ್ರಕಾರ ನಂಬರ್ ಬದಲಿಸಬೇಕು. ಅಲ್ಲಿ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ತಗೊಳ್ರಿ, ಗಾಡಿ ಮ್ಯಾಲ ಸಾಲ ಇತ್ತಂದ್ರ ಅದು ತೀರಿತು ಅಂತ ಬ್ಯಾಂಕಿಂದ ಫಾರಂ 35. ನಮ್ ತೆರಿಗಿ ಗಾಡಿ ವಯಸ್ಸು ನೋಡಿ ಕಡಿಮಿ ಮಾಡಿ ಹಾಕ್ತಾರ, ರೇಟ್ ಮಾತಾಡೋ ಮೊದ್ಲೇ ಅದನ್ನ ಕೇಳ್ಕೊಂಡು ಬರ್ರಿ.

ಪ್ರಶ್ನೆ: ಮಾಮಾ ಬಿಟ್ಟು ಹೋದ ಹಳೇ ಜಪಾನ್ ಗಾಡ್ಯಾಗ ರೇಡಿಯೋ ಬರೀ ಸರ್‌ರ್ ಅಂತದ, ಎರಡು ಮೆಕ್ಯಾನಿಕ್ ನೋಡ್ಯಾರ.
ಬಸವಕಲ್ಯಾಣ

ಉತ್ತರ: ರೇಡಿಯೋ ಕೆಟ್ಟಿಲ್ರಿ. ಹಳೇ ಜಪಾನ್ ಸೆಟ್ 76ರಿಂದ 90 ಮೆಗಾಹರ್ಟ್ಸ್ ತನಕ ಅಷ್ಟೇ ಹಿಡಿತದ, ನಮ್ ಎಫ್ಎಂ 88ರಿಂದ 108. ಆಂಟೆನಾ ವೈರಿಗೆ ಹಚ್ಚೋ ಬ್ಯಾಂಡ್ ಎಕ್ಸ್‌ಪಾಂಡರ್ ಅಂತ ಸಣ್ಣ ಡಬ್ಬಿ ಸಿಗ್ತದ, ಇಲ್ಲಾಂದ್ರ ಸೆಟ್ಟೇ ಬದಲಿ ಮಾಡ್ರಿ. ಮಾಮಾರ ಹಳೇ ಸೆಟ್ ಎಸೀಬ್ಯಾಡ್ರಿ, ಕ್ಯಾಸೆಟ್ ಇದ್ರ ಅದ್ರಾಗ ಇನ್ನೂ ಹಾಡ್ತದ.