ಇಂಗ್ಲೆಂಡಿನ ಹಳೇ ಆಮ್ಸ್‌ಹೌಸ್‌ಗಳಲ್ಲಿ ಅಷ್ಟೊಂದು ಹೊಗೆಗೂಡು ಯಾಕೆ?

ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಸಾಲಾಗಿ ನಿಂತ ಆ ಹೊಗೆಗೂಡುಗಳು, ಅಲ್ಲಿರುವ ಒಬ್ಬೊಬ್ಬರಿಗೂ ಚಳಿ ಕಾಯಿಸಲು ಸ್ವಂತ ಬೆಂಕಿಗೂಡು ಇತ್ತು ಅನ್ನುವುದರ ಗುರುತು.

ಆಮ್ಸ್‌ಹೌಸ್ ಅಂದ್ರೆ ದಾನಿಗಳು ಬಡ ವೃದ್ಧರಿಗಾಗಿ ಕಟ್ಟಿಸಿದ ಮನೆಗಳು. ಮೊದಮೊದಲು ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಹಾಲ್ ಇರುತ್ತಿತ್ತು. ಎರಡೂ ಬದಿ ಹಾಸಿಗೆ, ಪೂರ್ವದ ತುದಿಯಲ್ಲಿ ಚಾಪೆಲ್, ಅಂದ್ರೆ ಪುಟ್ಟ ಪ್ರಾರ್ಥನಾ ಮಂದಿರ. ಏಳಲಾಗದವರಿಗೂ ಮಲಗಿದಲ್ಲಿಂದಲೇ ಪ್ರಾರ್ಥನೆ ಕೇಳಿಸಬೇಕಲ್ವಾ! ಚಿಚೆಸ್ಟರ್‌ನ ಸೇಂಟ್ ಮೇರೀಸ್ ಹಾಸ್ಪಿಟಲ್ (ಹೆಸರು ಹಾಗಿದ್ದರೂ ಇದು ಆಮ್ಸ್‌ಹೌಸೇ) 13ನೇ ಶತಮಾನದ ಕೊನೆಯ ಇಂಥದ್ದೊಂದು ಕಟ್ಟಡ. 17ನೇ ಶತಮಾನದಲ್ಲಿ ಆ ಹಾಲಿನ ಒಳಗೇ ಪುಟ್ಟ ಪುಟ್ಟ ಮನೆ ಕಟ್ಟಿದರು. ಮನೆಯೊಳಗೊಂದು ಮನೆ! ಅವುಗಳ ದಪ್ಪ ಇಟ್ಟಿಗೆ ಹೊಗೆಗೂಡುಗಳು ಹಳೇ ಮಾಡನ್ನು ಸೀಳಿಕೊಂಡು ಮೇಲೆದ್ದಿವೆ. ನನಗೆ ತುಂಬಾ ಇಷ್ಟವಾದ ಕಟ್ಟಡ ಇದೇ.

15ನೇ ಶತಮಾನಕ್ಕೆ ಅಂಗಳದ ಸುತ್ತ ಬೇರೆ ಬೇರೆ ಮನೆ ಕಟ್ಟುವ ಪದ್ಧತಿ ಜಾಸ್ತಿಯಾಯಿತು. ಮಠ, ಕಾಲೇಜುಗಳ ಮಾದರಿ ಅದು. ಒಂದೇ ಹೆಬ್ಬಾಗಿಲು, ರಾತ್ರಿ ಮುಚ್ಚಿದರೆ ಎಲ್ಲರೂ ಸುರಕ್ಷಿತ. ವಿಂಚೆಸ್ಟರ್‌ನ ಸೇಂಟ್ ಕ್ರಾಸ್ ಅನ್ನುವ ಆಮ್ಸ್‌ಹೌಸ್‌ನಲ್ಲಿ ಆ ಕಾಲದ ಎತ್ತರದ ಹೊಗೆಗೂಡುಗಳ ಸಾಲು ಈಗಲೂ ಇದೆ.

ಯೂಲ್ಮ್ ಹಳ್ಳಿಯ ಆಮ್ಸ್‌ಹೌಸ್ 1437ರಲ್ಲಿ 13 ಬಡ ಗಂಡಸರಿಗಾಗಿ ಸ್ಥಾಪನೆಯಾದದ್ದು. ಆಲಿಸ್ ಚಾಸರ್ ಮತ್ತು ಅವರ ಗಂಡ ವಿಲಿಯಂ ಡಿ ಲಾ ಪೋಲ್ ಅದರ ದಾನಿಗಳು. ದಾನಿಗಳ ಆತ್ಮಕ್ಕಾಗಿ ದಿನವೂ ಪ್ರಾರ್ಥಿಸುವುದು ಅಲ್ಲಿನವರ ಕರ್ತವ್ಯವಾಗಿತ್ತು. ಹಾಗಾಗಿ ಮನೆಗಳನ್ನು ಚರ್ಚಿಗೆ ಅಂಟಿಕೊಂಡೇ ಕಟ್ಟಿದ್ದಾರೆ. ಚರ್ಚಿನ ಪಶ್ಚಿಮದ ಬಾಗಿಲಿನಿಂದ ಮೆಟ್ಟಿಲಿಳಿದರೆ ನೇರ ಅಂಗಳ.